ಪೇಟೆಂಟ್ ಆಫೀಸಿನಿಂದ ಆಕ್ಷೇಪಣೆ ಬಂದಿದೆ, ನನ್ನ ಲೇಸರ್ ಯಂತ್ರದ ಅರ್ಜಿ ಮುಗೀತಾ?

ಪ್ರಶ್ನೆ: ನಾನು ಸಂಡೂರು ತಾಲೂಕಿನವನು. ಡಿಪ್ಲೊಮಾ ಮುಗಿಸಿ ಕ್ರಷರ್ ಪ್ಲಾಂಟ್‌ಗಳಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡಿ, ಈಗ ಸ್ವಂತ ವರ್ಕ್‌ಶಾಪ್ ಇಟ್ಟಿದ್ದೇನೆ. ಅದಿರಿನ ಹಾಪರ್ (ಮಾಲು ಸುರಿಯುವ ದೊಡ್ಡ ತೊಟ್ಟಿ) ಒಳಗೆ ಎಷ್ಟು ಮಾಲಿದೆ ಅಂತ ಮೇಲಿನಿಂದ ಲೇಸರ್ ಬಿಟ್ಟು ಅಳೆಯುವ ಯಂತ್ರ ಮಾಡಿದ್ದೇನೆ. ಲೋಡರ್ ಬಕೆಟ್ ಸುರಿದಾಗ ಧೂಳು ಏಳುತ್ತದೆ. ಮಾಮೂಲಿ ಸೆನ್ಸರ್ ಆ ಧೂಳನ್ನೇ ಮಾಲು ಅಂದುಕೊಂಡು 'ಹಾಪರ್ ತುಂಬಿದೆ' ಎನ್ನುತ್ತದೆ. ನನ್ನದು ಹಾಗೆ ಮೋಸ ಹೋಗುವುದಿಲ್ಲ. ಪೇಟೆಂಟ್‌ಗೆ ಅರ್ಜಿ ಹಾಕಿದ್ದೆ, ಈಗ ಚೆನ್ನೈ ಆಫೀಸಿನಿಂದ ಎಫ್‌ಇಆರ್ (ಮೊದಲ ಪರೀಕ್ಷಾ ವರದಿ) ಬಂದಿದೆ. ಡಿ1 ಅಂತ ಅಮೆರಿಕದ ಒಂದು ಪೇಟೆಂಟ್, ಡಿ2 ಅಂತ ಜಪಾನಿನ ಒಂದು ಪೇಟೆಂಟ್ ತೋರಿಸಿ, ಹೊಸತನ ಇಲ್ಲ, ಇನ್ವೆಂಟಿವ್ ಸ್ಟೆಪ್ (ಬಲ್ಲವರಿಗೂ ಸಹಜವಾಗಿ ಹೊಳೆಯದ ಹೆಜ್ಜೆ) ಇಲ್ಲ, ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್), 3(ಕೆ) ಅಡ್ಡ ಬರುತ್ತದೆ ಎಂದು ಬರೆದಿದ್ದಾರೆ. ಅಮೆರಿಕದ ಪೇಟೆಂಟ್ ನಮ್ಮ ಸಂಡೂರಿಗೆ ಹೇಗೆ ಅನ್ವಯಿಸುತ್ತದೆ? ನಮ್ಮ ಕಬ್ಬಿಣದ ಅದಿರಾದ ಹೆಮಟೈಟ್‌ಗೆ ಸರಿಹೊಂದುವ ಲೇಸರನ್ನೇ ಆರಿಸಿದ್ದೇನೆ, ಅದು ಹೊಸದಲ್ಲವೇ? ಅರ್ಜಿಗೆ ಎರಡು ತಿಂಗಳು ಮುಂಚೆ ಯೂಟ್ಯೂಬ್‌ಗೆ ಒಂದು ವಿಡಿಯೊ ಹಾಕಿದ್ದೆ, ಒಂದು ಪ್ಲಾಂಟ್‌ನಲ್ಲಿ ಟ್ರಯಲ್ ಕೂಡ ಮಾಡಿದ್ದೆ, ತೊಂದರೆಯೇ? ಅರ್ಜಿ ಹಾಕಿಕೊಟ್ಟ ಕನ್ಸಲ್ಟೆನ್ಸಿಯವರು ಈಗ ಫೋನ್ ಎತ್ತುತ್ತಿಲ್ಲ. ಕೊಪ್ಪಳ ಕಡೆಯ ಒಂದು ಕಾರ್ಖಾನೆಯವರು ನಾಲ್ಕು ಯಂತ್ರ ಕೇಳಿದ್ದಾರೆ. ಮಾರಲೋ, ಕಾಯಲೋ, ಎಲ್ಲ ಬಿಟ್ಟುಬಿಡಲೋ? ಅರ್ಜಿ, ವರದಿ, ಡಿ1, ಡಿ2 ಎಲ್ಲ ಜೊತೆಗೆ ಕಳಿಸಿದ್ದೇನೆ.

ಉತ್ತರ: ಮೊದಲು ಎಫ್‌ಇಆರ್ ಮೇಲಿನ ತಾರೀಖು ನೋಡಿ. ಅದು ಹೊರಟ ದಿನದಿಂದ 6 ತಿಂಗಳೊಳಗೆ ಉತ್ತರ ಹೋಗಬೇಕು. ಆ 6 ತಿಂಗಳು ಮುಗಿಯುವ ಮೊದಲೇ ಫಾರಂ 4 ಹಾಕಿ ಶುಲ್ಕ ಕಟ್ಟಿದರೆ ಇನ್ನೂ 3 ತಿಂಗಳು ಸಿಗುತ್ತದೆ. ಉತ್ತರವೇ ಹೋಗದಿದ್ದರೆ ಸೆಕ್ಷನ್ 21ರ ಪ್ರಕಾರ ಅರ್ಜಿಯನ್ನು ಕೈಬಿಟ್ಟಂತೆ ಲೆಕ್ಕ. ನಮ್ಮ ಕಡೆಯ ಚಿಕ್ಕ ಅರ್ಜಿದಾರರು ವಾದದಲ್ಲಿ ಸೋಲುವುದಕ್ಕಿಂತ ಹೀಗೆ ಗಡುವು ತಪ್ಪಿಸಿಕೊಂಡು ಸೋಲುವುದನ್ನೇ ನಾನು ಜಾಸ್ತಿ ನೋಡಿದ್ದೇನೆ. ಆಫೀಸಿನ ಇಮೇಲ್ ಹಳೇ ಏಜೆಂಟರ ವಿಳಾಸಕ್ಕೆ ಹೋಗಿರುತ್ತದೆ, ಅವರು ಹೇಳುವುದಿಲ್ಲ, ಇವರು ಕೇಳುವುದಿಲ್ಲ. ಕನ್ಸಲ್ಟೆನ್ಸಿ ಫೋನ್ ಎತ್ತದಿದ್ದರೆ ಅವರ ಹಿಂದೆ ಅಲೆಯಬೇಡಿ. ಬೇರೆ ಏಜೆಂಟರಿಗೆ ಫಾರಂ 26ರಲ್ಲಿ ಅಧಿಕಾರ ಕೊಡಿ, ಇಲ್ಲವೇ ನೀವೇ ಉತ್ತರಿಸಿ. ಕಾನೂನಿನಲ್ಲಿ ಅದಕ್ಕೆ ಅಡ್ಡಿ ಇಲ್ಲ. ಪತ್ರ ವ್ಯವಹಾರದ ವಿಳಾಸವನ್ನಂತೂ ಇವತ್ತೇ ಬದಲಾಯಿಸಿ.

ಎಫ್‌ಇಆರ್ ಅಂದರೆ ತಿರಸ್ಕಾರ ಅಲ್ಲ. ಅದು ಮೊದಲ ಪರೀಕ್ಷಾ ವರದಿ ಅಷ್ಟೇ. ಎಕ್ಸಾಮಿನರ್ ಹುಡುಕಿ ನೋಡಿ, 'ನಿಮ್ಮದಕ್ಕೂ ಇವಕ್ಕೂ ವ್ಯತ್ಯಾಸ ಏನು, ಹೇಳಿ' ಎಂದು ಕೇಳುವ ಕಾಗದ. ಒಂದೂ ಆಕ್ಷೇಪಣೆ ಇಲ್ಲದೆ ಮಂಜೂರಾಗುವ ಅರ್ಜಿ ಅಪರೂಪ. ನಿಮ್ಮ ಉತ್ತರ ನೋಡಿ ತೀರ್ಮಾನ ಮಾಡುವವರು ಪೇಟೆಂಟ್ ಆಫೀಸಿನ ಅಧಿಕಾರಿ, ಕಂಟ್ರೋಲರ್. ಅವರಿಗೆ ಸಮಾಧಾನ ಆಗದಿದ್ದರೆ ಹಿಯರಿಂಗ್ ಕರೆಯುತ್ತಾರೆ. ಅದು ಈಗ ವಿಡಿಯೊ ಕಾನ್ಫರೆನ್ಸ್‌ನಲ್ಲೇ ನಡೆಯುವುದರಿಂದ ಚೆನ್ನೈಗೆ ಟಿಕೆಟ್ ಮಾಡಿಸಬೇಕಿಲ್ಲ. ಹಿಯರಿಂಗ್ ಆದ ಮೇಲೆ ಲಿಖಿತ ವಾದ ಕೊಡಲು 15 ದಿನ ಇರುತ್ತದೆ. ಅಲ್ಲೂ ಸೋತರೆ ಹೈಕೋರ್ಟಿಗೆ ಅಪೀಲು.

ಇನ್ನು ಅಮೆರಿಕದ ಪೇಟೆಂಟಿನ ವಿಚಾರ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಇಲ್ಲಿ ಎರಡು ಬೇರೆ ಪ್ರಶ್ನೆಗಳು ಕಲಸಿಕೊಂಡಿವೆ. ಒಂದು, ನಿಮ್ಮದು ಹೊಸದೋ ಅಲ್ಲವೋ? ಇದಕ್ಕೆ ಇಡೀ ಜಗತ್ತೇ ಸಾಕ್ಷಿ. ಟೋಕಿಯೊದಲ್ಲಿ ಪ್ರಕಟವಾಗಿದ್ದರೂ ಅದು ಹಳೆಯದೇ. ಎರಡು, ಡಿ1ರ ಮಾಲೀಕ ಬಂದು ಸಂಡೂರಿನಲ್ಲಿ ನಿಮ್ಮನ್ನು ತಡೆಯಬಹುದೇ? ಅವನು ಭಾರತದಲ್ಲಿ ಪೇಟೆಂಟ್ ಪಡೆದು, ಅದು ಇನ್ನೂ ಜೀವಂತವಾಗಿದ್ದರೆ ಮಾತ್ರ. 'ವರ್ಲ್ಡ್ ಪೇಟೆಂಟ್' ಅಂತ ಒಂದು ಇಲ್ಲವೇ ಇಲ್ಲ, ಯಾರಾದರೂ ಅದನ್ನು ಮಾಡಿಸಿಕೊಡುತ್ತೇನೆ ಎಂದರೆ ದುಡ್ಡು ಕೊಡಬೇಡಿ. ಹಾಗಾಗಿ ಡಿ1 ನಿಮ್ಮ ಅರ್ಜಿಗೆ ಅಡ್ಡ ಬರಬಹುದು, ನಿಮ್ಮ ವ್ಯಾಪಾರಕ್ಕೆ ಬಾರದೆಯೂ ಇರಬಹುದು. ಇದಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಈಗ ನಿಮ್ಮ ಕ್ಲೇಮುಗಳಿಗೆ ಬರೋಣ. ಜಮೀನಿನ ಪತ್ರದಲ್ಲಿ ಚೆಕ್ಕುಬಂದಿ ಇದ್ದ ಹಾಗೆ ಪೇಟೆಂಟಿನಲ್ಲಿ ಕ್ಲೇಮು. ಒಳಗೆ ಎಷ್ಟೇ ಪುಟ ವಿವರ ಬರೆದಿರಲಿ, ಹಕ್ಕು ಸಿಗುವುದು ಕ್ಲೇಮಿನ ಗಡಿಯೊಳಗೆ ಮಾತ್ರ. ನಿಮ್ಮ ಕ್ಲೇಮು 1 ಹೇಳುವುದು ಇಷ್ಟು: ಲೇಸರ್ ಪಲ್ಸ್ ಬಿಡುವ ಮೂಲ, ಮರಳಿ ಬಂದ ಬೆಳಕನ್ನು ಹಿಡಿಯುವ ರಿಸೀವರ್, ಮೊದಲ ಪ್ರತಿಧ್ವನಿ (ಮೊದಲು ಮರಳಿದ ಬೆಳಕು) ಬಿಟ್ಟು ಕೊನೆಯ ಪ್ರತಿಧ್ವನಿಯಿಂದ ದೂರ ಲೆಕ್ಕ ಹಾಕುವ ಪ್ರೊಸೆಸರ್. ಕ್ಲೇಮು 4 ಇದಕ್ಕೆ ಸೆನ್ಸರಿನ ಗಾಜು ಶುಚಿಮಾಡಲು ಗಾಳಿ ಊದುವ ನಾಝಲ್ ಸೇರಿಸುತ್ತದೆ. ಕ್ಲೇಮು 7 ಬರೀ ಲೆಕ್ಕದ ವಿಧಾನ.

ಒಂದು ಹಾಳೆ ತಗೊಂಡು ಮೂರು ಕಾಲಂ ಹಾಕಿ. ಎಡಗಡೆ ಕ್ಲೇಮಿನ ಒಂದೊಂದು ಅಂಶ, ಮಧ್ಯದಲ್ಲಿ ಡಿ1, ಬಲಗಡೆ ಡಿ2. ಎಕ್ಸಾಮಿನರ್ ಮಾಡುವುದೂ ಇದನ್ನೇ. ನಾನು ಹಾಕಿ ನೋಡಿದೆ. ಕ್ಲೇಮು 1ರ ಮೂರೂ ಅಂಶ ಡಿ1ರಲ್ಲಿವೆ. ಸಿಮೆಂಟ್ ಸೈಲೊ ಒಳಗೆ ಪಲ್ಸ್ ಬಿಟ್ಟು, ಕೊನೆಯ ಪ್ರತಿಧ್ವನಿ ತೆಗೆದುಕೊಳ್ಳುವುದನ್ನು ಅವರು ಚಿತ್ರ ಸಮೇತ ಬರೆದಿದ್ದಾರೆ. ಕ್ಲೇಮು 1 ಈಗಿರುವ ರೂಪದಲ್ಲಿ ನಿಲ್ಲುವುದಿಲ್ಲ. ಇದನ್ನು ನೇರವಾಗಿಯೇ ಹೇಳಬೇಕು.

ಯಾಕೆ ಹೀಗಾಯಿತು? ಲೇಸರ್‌ನಿಂದ ದೂರ ಅಳೆಯುವುದು ತೀರಾ ಹಳೇ ಹೊಲ, ಬಹಳ ಜನ ಉತ್ತು ಬಿಟ್ಟಿದ್ದಾರೆ. ಮೊದಲ ಲೇಸರ್ ಬಂದದ್ದು 1960ರಲ್ಲಿ. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕಕ್ಕೆ ಭೂಮಿಯಿಂದ ಲೇಸರ್ ಬಿಟ್ಟು ದೂರ ಅಳೆದರು. ವಿಮಾನದಿಂದ ಕಾಡಿನ ನಕ್ಷೆ ತೆಗೆಯುವವರು ಮೊದಲ ಪ್ರತಿಧ್ವನಿ ಎಲೆಯದು, ಕೊನೆಯದು ನೆಲದ್ದು ಎಂದು ವಿಂಗಡಿಸುತ್ತಲೇ ಬಂದಿದ್ದಾರೆ. ಎಲೆ ಇದ್ದ ಜಾಗದಲ್ಲಿ ಧೂಳು ಇಟ್ಟರೆ ನಿಮ್ಮ ಕ್ಲೇಮು 1 ಆಗುತ್ತದೆ. ಪೇಟೆಂಟ್ ವರ್ಗೀಕರಣದಲ್ಲಿ ಪಲ್ಸ್ ಲೇಸರ್ ದೂರಮಾಪನಕ್ಕೆ ಜಿ01ಎಸ್ 17/10 ಅಂತ ಒಂದು ಖಾನೆಯೇ ಇದೆ. ಸೆನ್ಸರಿನ ಗಾಜಿಗೆ ಧೂಳು ಹತ್ತಿದೆಯೇ ಎಂದು ನೋಡುವುದಕ್ಕೂ ಜಿ01ಎಸ್ 7/497ರ ಕೆಳಗೆ ಜಾಗ ಇದೆ. ಅರ್ಜಿ ಬರೆಯುವ ಮೊದಲು ಪೇಟೆಂಟ್ ಹುಡುಕುವ ತಾಣಗಳಾದ ಎಸ್ಪೇಸ್‌ನೆಟ್‌ನಲ್ಲೋ ಗೂಗಲ್ ಪೇಟೆಂಟ್ಸ್‌ನಲ್ಲೋ ಈ ಎರಡು ಖಾನೆ ತೆರೆದು ಒಂದು ದಿನ ಕೂತಿದ್ದರೆ ಕ್ಲೇಮು 1 ಬೇರೆ ಥರ ಇರುತ್ತಿತ್ತು. ಎರಡೂ ತಾಣ ಪುಕ್ಕಟೆ.

ಹೆಮಟೈಟ್ ವಿಷಯ. ನಿಮಗೆ ಅದೇ ನಿಮ್ಮ ದೊಡ್ಡ ಪತ್ತೆ ಅನಿಸಿದೆ. ನೀವು ಗಮನಿಸಿದ್ದು ನಿಜ ಕೂಡ. ಹೆಮಟೈಟ್ 860 ನ್ಯಾನೊಮೀಟರ್ ಆಸುಪಾಸಿನಲ್ಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ 905 ನ್ಯಾನೊಮೀಟರ್ ಲೇಸರ್ ಆ ಹೀರಿಕೆಯ ಪಕ್ಕದಲ್ಲೇ ಬೀಳುತ್ತದೆ, ಹಾಗಾಗಿ ನಮ್ಮ ಕೆಂಪು ಅದಿರಿನಿಂದ ಮರಳುವ ಬೆಳಕು ಕಡಿಮೆ. ಆದರೆ ಉಪಗ್ರಹ ಚಿತ್ರದಲ್ಲಿ ಕಬ್ಬಿಣದ ಖನಿಜ ಹುಡುಕುವವರಿಗೆ ಈ ಹೀರಿಕೆ ಬಹಳ ಹಿಂದಿನಿಂದ ಗೊತ್ತು. 'ಗೊತ್ತಿರುವ ಖನಿಜಕ್ಕೆ ಗೊತ್ತಿರುವ ಬಣ್ಣದ ಬೆಳಕು ಆರಿಸಿದಿರಿ' ಎಂದು ಎಕ್ಸಾಮಿನರ್ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಅದನ್ನು ಬೆಂಬಲದ ಕ್ಲೇಮಾಗಿ ಇಟ್ಟುಕೊಳ್ಳಿ. ಅದರ ಮೇಲೆ ಭಾರ ಹಾಕಬೇಡಿ.

ನಿಮ್ಮ ನಿಜವಾದ ಬಂಡವಾಳ ಎಲ್ಲಿದೆ ಗೊತ್ತೇ? ವಿವರಣೆಯ 31ನೇ ಪ್ಯಾರಾದಲ್ಲಿ. ಅದನ್ನು ಬರೆದು ಹಾಗೇ ಮುಂದೆ ಹೋಗಿಬಿಟ್ಟಿದ್ದೀರಿ. ಕ್ಲೇಮಿನಲ್ಲಿ ಅದರ ಸುಳಿವೇ ಇಲ್ಲ.

ಅದೇನೆಂದು ಉಳಿದ ಓದುಗರಿಗೂ ಬಿಡಿಸಿ ಹೇಳುತ್ತೇನೆ. ಬೆಳಕು ಒಂದು ನ್ಯಾನೊಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಓಡುತ್ತದೆ. ಹಾಪರ್‌ನಲ್ಲಿ ಮಾಲು 8 ಮೀಟರ್ ಕೆಳಗಿದ್ದರೆ ಹೋಗಿ ಬರಲು ಸುಮಾರು 53 ನ್ಯಾನೊಸೆಕೆಂಡ್. ಎರಡು ಮೀಟರ್ ಕೆಳಗೆ ಧೂಳಿನ ಮೋಡ ಇದ್ದರೆ ಅದರಿಂದ 13 ನ್ಯಾನೊಸೆಕೆಂಡಿಗೇ ಒಂದು ಮಬ್ಬಾದ, ಅಗಲವಾದ ಪ್ರತಿಧ್ವನಿ ಬರುತ್ತದೆ. ಸೆನ್ಸರಿನ ಗಾಜಿಗೇ ಧೂಳು ಹತ್ತಿದ್ದರೆ ಹೆಚ್ಚುಕಡಿಮೆ ಸೊನ್ನೆಯಲ್ಲೇ ಇನ್ನೊಂದು. ಡಿ1ರವರು ಧೂಳಿನ ಪ್ರತಿಧ್ವನಿಯನ್ನು ಕಸ ಎಂದು ಎಸೆಯುತ್ತಾರೆ. ಡಿ2ರವರು ಗಡಿಯಾರ ಇಟ್ಟುಕೊಂಡು ಇಂತಿಷ್ಟು ನಿಮಿಷಕ್ಕೊಮ್ಮೆ ಗಾಳಿ ಊದುತ್ತಾರೆ, ಧೂಳಿರಲಿ ಬಿಡಲಿ. ನೀವು ಮಾಡಿದ್ದೇ ಬೇರೆ. ಬಕೆಟ್ ಸುರಿದ ಮೇಲೆ ಧೂಳಿನ ಪ್ರತಿಧ್ವನಿ ಎಷ್ಟು ಬೇಗ ಇಳಿಯುತ್ತಿದೆ ಎಂದು ಯಂತ್ರ ನೋಡುತ್ತದೆ. ಅದು ಇಳಿಯುವವರೆಗೂ ಹಿಂದಿನ ಅಳತೆಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಮೋಡ ಇಳಿದರೂ ಗಾಜಿನ ಪ್ರತಿಧ್ವನಿ ಉಳಿದಿದ್ದರೆ ಮಾತ್ರ ನಾಝಲ್ ತೆರೆಯುತ್ತದೆ, ಎಷ್ಟು ಹೊತ್ತು ಊದಬೇಕು ಎಂಬುದನ್ನೂ ಆ ಪ್ರತಿಧ್ವನಿಯೇ ನಿರ್ಧರಿಸುತ್ತದೆ. ಡಿ1 ಎಸೆದ ಕಸವನ್ನೇ ನೀವು ಸೂಚನೆಯಾಗಿ ಬಳಸಿದ್ದೀರಿ. ಡಿ1, ಡಿ2 ಎರಡನ್ನೂ ಪಕ್ಕಪಕ್ಕ ಇಟ್ಟರೂ ಇದು ಹುಟ್ಟುವುದಿಲ್ಲ.

ಸೆಕ್ಷನ್ 3(ಎಫ್)ಗೂ ಇದೇ ಉತ್ತರ. ಗೊತ್ತಿರುವ ಸಾಧನಗಳನ್ನು ಸುಮ್ನೆ ಜೋಡಿಸಿಟ್ಟು, ಪ್ರತಿಯೊಂದೂ ತನ್ನ ಪಾಡಿಗೆ ತನ್ನ ಹಳೇ ಕೆಲಸ ಮಾಡುತ್ತಿದ್ದರೆ ಅದು ಆವಿಷ್ಕಾರ ಅಲ್ಲ ಎನ್ನುತ್ತದೆ ಆ ಸೆಕ್ಷನ್. ಈಗಿನ ಕ್ಲೇಮು 4 ನಿಜಕ್ಕೂ ಹಾಗೇ ಇದೆ: ಲೇಸರ್ ಅದರ ಪಾಡಿಗೆ, ಗಾಳಿ ಅದರ ಪಾಡಿಗೆ. 31ನೇ ಪ್ಯಾರಾ ಸೇರಿಸಿದರೆ ಒಂದು ಇನ್ನೊಂದನ್ನು ನಡೆಸುತ್ತದೆ, ಆಗ ಆಕ್ಷೇಪಣೆಗೆ ಬುಡ ಇರುವುದಿಲ್ಲ. 3(ಕೆ) ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬರೀ ಅಲ್ಗಾರಿದಮ್‌ಗೆ ಪೇಟೆಂಟ್ ಇಲ್ಲ, ಆದರೆ ಸಾಫ್ಟ್‌ವೇರ್ ಇದ್ದ ಮಾತ್ರಕ್ಕೆ ತಳ್ಳಿಹಾಕುವಂತಿಲ್ಲ, ತಾಂತ್ರಿಕ ಪರಿಣಾಮ ನೋಡಬೇಕು ಎಂದು ದೆಹಲಿ ಹೈಕೋರ್ಟ್ 2019ರಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಲೆಕ್ಕದ ಕೊನೆಗೆ ಒಂದು ವಾಲ್ವ್ ತೆರೆಯುತ್ತದೆ. ಕ್ಲೇಮು 7 ಬಿಟ್ಟುಕೊಡಿ, ಉಳಿದದ್ದರಲ್ಲಿ ಆ ವಾಲ್ವ್ ಕಾಣುವಂತೆ ಬರೆಯಿರಿ.

'ನನ್ನ ಟ್ರಯಲ್‌ನ ಎಲ್ಲ ಹೊಸ ವಿವರ ಈಗ ಅರ್ಜಿಗೆ ಸೇರಿಸುತ್ತೇನೆ' ಅಂತ ಹೊರಡಬೇಡಿ. ಸೆಕ್ಷನ್ 59 ಅದಕ್ಕೆ ಬಿಡುವುದಿಲ್ಲ. ತಿದ್ದಿದ ಕ್ಲೇಮು ಮೂಲ ಕ್ಲೇಮಿನ ಗಡಿಯ ಒಳಗೇ ಇರಬೇಕು, ಮೂಲ ಅರ್ಜಿಯಲ್ಲಿ ಇಲ್ಲದ ವಿಷಯ ಹೊಸದಾಗಿ ನುಗ್ಗಬಾರದು. 31ನೇ ಪ್ಯಾರಾ ಮೊದಲ ದಿನದಿಂದಲೂ ಇದೆ, ಅದನ್ನು ಕ್ಲೇಮು 1ಕ್ಕೆ ಸೇರಿಸಿದರೆ ಗಡಿ ಕಿರಿದಾಗುತ್ತದೆ, ಹಿಗ್ಗುವುದಿಲ್ಲ. ಹಾಗಾಗಿ ಸರಿ. ಪ್ಲಾಂಟ್‌ನಲ್ಲಿ ತೆಗೆದ ರೀಡಿಂಗ್‌ಗಳನ್ನು ಉತ್ತರದ ಜೊತೆ ಪುರಾವೆಯಾಗಿ ಕೊಡಬಹುದು, ಅರ್ಜಿಯೊಳಗೆ ತುರುಕುವಂತಿಲ್ಲ. ಹಾಗೇ, ಕ್ಲೇಮು 1ರಲ್ಲಿ 'ಕಬ್ಬಿಣದ ಅದಿರು' ಎಂದು ಹೊಸದಾಗಿ ಸೇರಿಸಬೇಡಿ. ನಿಮ್ಮ ವಿವರಣೆಯಲ್ಲಿ 'ಪುಡಿ ಅಥವಾ ಹರಳು ರೂಪದ ಯಾವುದೇ ವಸ್ತು' ಎಂದಿದೆ. ಗಂಗಾವತಿ, ಸಿಂಧನೂರಿನ ರೈಸ್ ಮಿಲ್‌ಗಳಲ್ಲಿ ಹೊಟ್ಟಿನ ಧೂಳಿನದೂ ಇದೇ ಗೋಳು. ಆ ಬಾಗಿಲನ್ನು ನೀವೇ ಯಾಕೆ ಮುಚ್ಚಬೇಕು?

'ಡಿ1 ಬೇರೆ ತತ್ವ, ನನ್ನದು ಬೇರೆ' ಎಂದು ವಾದಿಸಬಹುದೇ ಅಂತಲೂ ಕಾಗದದ ಕೊನೆಯಲ್ಲಿ ಕೇಳಿದ್ದೀರಿ, ವೆಲೊಡೈನ್ ಕಂಪನಿಯ ಕೇಸು ಎಲ್ಲೋ ಓದಿದಿರಂತೆ. ಆ ಕೇಸು ಹೀಗಿತ್ತು. ಸ್ವಯಂಚಾಲಿತ ಕಾರುಗಳ ಮೇಲೆ ಸುತ್ತುವ ಲೇಸರ್ ಸೆನ್ಸರ್‌ಗೆ ವೆಲೊಡೈನ್‌ನವರಿಗೆ ಅಮೆರಿಕದಲ್ಲಿ ಪೇಟೆಂಟ್ ಇತ್ತು. ಪ್ರತಿಸ್ಪರ್ಧಿ ಕ್ವಾನರ್ಜಿಯವರು ಒಂದು ಹಳೇ ಜಪಾನಿ ದಾಖಲೆ ಹಿಡಿದು ಅದನ್ನು ರದ್ದುಮಾಡಿ ಎಂದರು. ಆ ದಾಖಲೆಯಲ್ಲಿದ್ದದ್ದು ತ್ರಿಕೋನ ಮಾಪನ (ಬೆಳಕು ಮರಳುವ ಕೋನದಿಂದ ದೂರ ಲೆಕ್ಕ ಹಾಕುವುದು), ವೆಲೊಡೈನ್‌ದು ಪಲ್ಸ್ ಹೋಗಿಬರುವ ಸಮಯದ ಮಾಪನ, ಒಂದರಿಂದ ಇನ್ನೊಂದು ಸಹಜವಾಗಿ ಹೊಳೆಯುವಂಥದ್ದಲ್ಲ ಎಂದು ಪೇಟೆಂಟ್ ಉಳಿಯಿತು. 2020ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆದರೆ ನಿಮ್ಮ ಡಿ1 ಕೂಡ ಪಲ್ಸ್ ಸಮಯವನ್ನೇ ಅಳೆಯುತ್ತದೆ. ಆ ಅಸ್ತ್ರ ನಿಮಗೆ ಸಿಗುವುದಿಲ್ಲ.

ನಿಮಗೆ ಹತ್ತಿರದ್ದು ಇನ್ನೊಂದು ಕೇಸು. ಸ್ವಯಂಚಾಲಿತ ಕಾರು ಮಾಡುವ ವೇಮೊ ಕಂಪನಿ 2017ರಲ್ಲಿ ಊಬರ್ ಮೇಲೆ ಮೊಕದ್ದಮೆ ಹಾಕಿದಾಗ ಲೇಸರ್ ಡಯೋಡ್‌ಗೆ ಪಲ್ಸ್ ಕೊಡುವ ಸರ್ಕ್ಯೂಟ್‌ನ ಒಂದು ಪೇಟೆಂಟೂ ಸುದ್ದಿಯಾಯಿತು. ಎರಡೂ ಕಂಪನಿಗೆ ಸಂಬಂಧವೇ ಇಲ್ಲದ ಒಬ್ಬ ಎಂಜಿನಿಯರ್, ಇದರಲ್ಲಿ ಹೊಸದೇನಿದೆ ಎಂದು ಕೈಯಿಂದ ಸುಮಾರು 6,000 ಡಾಲರ್ ಹಾಕಿ ಮರುಪರೀಕ್ಷೆ ಕೇಳಿದರು. 2018ರಲ್ಲಿ ಅಮೆರಿಕದ ಪೇಟೆಂಟ್ ಆಫೀಸು 56 ಕ್ಲೇಮುಗಳಲ್ಲಿ 53ನ್ನು ತಳ್ಳಿಹಾಕಿತು. ಅಗಲವಾದ ಕ್ಲೇಮು ಹೇಗೋ ಮಂಜೂರು ಮಾಡಿಸಿಕೊಂಡರೂ ಅದು ನಿಲ್ಲಬೇಕಲ್ಲ? ನಮ್ಮಲ್ಲೂ ಮಂಜೂರಾದದ್ದು ಪ್ರಕಟವಾಗಿ ಒಂದು ವರ್ಷದವರೆಗೆ ಆಸಕ್ತಿ ಇರುವವರು ವಿರೋಧ ಹಾಕಬಹುದು. ಮಂಜೂರಾಗುವ ಮುಂಚೆಯಂತೂ ಯಾರು ಬೇಕಾದರೂ ಹಾಕಬಹುದು.

ಇಲ್ಲೇ ನಿಮ್ಮ ಯೂಟ್ಯೂಬ್ ವಿಡಿಯೊ ಬರುತ್ತದೆ. 'ನನ್ನದೇ ವಿಡಿಯೊ, ನನಗೇ ಹೇಗೆ ಅಡ್ಡ?' ಎಂದು ಬಹಳ ಜನ ಕೇಳುತ್ತಾರೆ. ಅಡ್ಡ ಬರುತ್ತದೆ. ಸೆಕ್ಷನ್ 31 ಕೊಡುವ 12 ತಿಂಗಳ ರಿಯಾಯಿತಿ ಸರ್ಕಾರ ಅಧಿಸೂಚನೆ ಹೊರಡಿಸಿದ ವಸ್ತುಪ್ರದರ್ಶನ, ವಿದ್ವತ್ ಸಭೆಯಲ್ಲಿ ಓದಿದ ಪ್ರಬಂಧ, ಇಂಥ ಕೆಲವಕ್ಕೆ ಮಾತ್ರ. ಯೂಟ್ಯೂಬ್ ಅದರಲ್ಲಿಲ್ಲ. ಆದರೆ ವಿಡಿಯೊ ಏನನ್ನು ತೋರಿಸುತ್ತದೆ ಎಂಬುದೇ ಮುಖ್ಯ. ನೀವು ಬರೆದ ಪ್ರಕಾರ ಅದರಲ್ಲಿ ಹೊರಗಿನ ಪೆಟ್ಟಿಗೆ, ಡಿಸ್‌ಪ್ಲೇ ಮೇಲಿನ ಅಂಕಿ, ನಿಮ್ಮ ಮಾತು ಇಷ್ಟೇ ಇವೆ. ಧೂಳಿನ ಪ್ರತಿಧ್ವನಿ ನಾಝಲನ್ನು ನಡೆಸುತ್ತದೆ ಎಂಬುದು ಅದನ್ನು ನೋಡಿದವರಿಗೆ ಗೊತ್ತಾಗದಿದ್ದರೆ, ತಿದ್ದಿದ ಕ್ಲೇಮು 1ರ ಹೊಸತನ ಅದರಿಂದ ಹೋಗುವುದಿಲ್ಲ. ಒಂದೊಂದು ಫ್ರೇಮ್ ನಿಲ್ಲಿಸಿ ನೋಡಿ, ನೀವು ಆಡಿದ ಮಾತನ್ನೂ ಅಕ್ಷರಕ್ಕಕ್ಷರ ಬರೆದುಕೊಳ್ಳಿ. ಮಾತಿನ ಭರದಲ್ಲಿ 'ಧೂಳು ಇಳಿಯೋದನ್ನ ನೋಡ್ಕೊಂಡು ಗಾಳಿ ಬಿಡುತ್ತೆ' ಅಂದಿದ್ದರೆ ಕಷ್ಟ. ಈಗ ಅಳಿಸಿ ಹಾಕಿದರೆ ಆಗಿದ್ದು ಅಳಿಯುವುದಿಲ್ಲ. ಉತ್ತರದಲ್ಲಿ ಅದರ ಬಗ್ಗೆ ಸುಳ್ಳನ್ನಂತೂ ಬರೆಯಬೇಡಿ, ಸುಳ್ಳು ಹೇಳಿ ಪಡೆದ ಪೇಟೆಂಟನ್ನು ಅದೇ ಕಾರಣಕ್ಕೆ ರದ್ದುಮಾಡಬಹುದು.

ಪ್ಲಾಂಟ್ ಟ್ರಯಲ್‌ಗೆ ಕಾನೂನು ಸ್ವಲ್ಪ ಉದಾರ. ಅರ್ಜಿಗೆ ಮುಂಚಿನ ಒಂದು ವರ್ಷದೊಳಗೆ, ಬರೀ ಪರೀಕ್ಷೆಗಾಗಿ, ನಾಲ್ಕು ಜನರ ಎದುರು ಮಾಡದೆ ಬೇರೆ ದಾರಿ ಇಲ್ಲದ ಪ್ರಯೋಗವಾಗಿದ್ದರೆ ಸೆಕ್ಷನ್ 32 ಕಾಪಾಡುತ್ತದೆ. ಹಾಪರ್ ಧೂಳನ್ನು ಮನೆಯೊಳಗೆ ಎಬ್ಬಿಸಲು ಆಗುವುದಿಲ್ಲ, ಅಲ್ವಾ? ಒಂದೇ ಪ್ರಶ್ನೆ: ಆ ಪ್ಲಾಂಟ್‌ನವರು ಬಾಡಿಗೆ ಎಂದೋ ಖರೀದಿ ಎಂದೋ ದುಡ್ಡು ಕೊಟ್ಟಿದ್ದರೇ? ಬಿಲ್ ಇದ್ದರೆ ಅದನ್ನು ಟ್ರಯಲ್ ಎನ್ನುವುದು ಕಷ್ಟ. ಹಾಗಿದ್ದರೆ ಉತ್ತರ ಕಳಿಸುವ ಮುಂಚೆ ನಿಮ್ಮ ಏಜೆಂಟರಿಗೆ ಹೇಳಿ.

ಈಗ ನಿಮ್ಮ ಮುಂದಿರುವ ದಾರಿಗಳು. ಕ್ಲೇಮು ಕಿರಿದು ಮಾಡಿ ಉತ್ತರ ಕೊಡುವುದು ನನ್ನ ಸಲಹೆ. ಅದರ ನಷ್ಟವನ್ನೂ ಹೇಳಬೇಕು: ನಾಝಲ್ ಇಲ್ಲದೆ ಬೇರೆ ಉಪಾಯ ಮಾಡುವವನನ್ನು ನೀವು ತಡೆಯಲಾರಿರಿ. ಕ್ಲೇಮು 1ನ್ನು ಹಾಗೇ ಇಟ್ಟು ಜಗಳ ಆಡುವುದು ಎರಡನೆಯ ದಾರಿ, ನನಗೆ ಅದರಲ್ಲಿ ಗೆಲುವು ಕಾಣುವುದಿಲ್ಲ. ಬಿಟ್ಟುಬಿಡುವುದು ಮೂರನೆಯದು. ಆದರೆ ಅರ್ಜಿ ಆಗಲೇ ಪ್ರಕಟವಾಗಿದೆ, 31ನೇ ಪ್ಯಾರಾವನ್ನು ಯಾರು ಬೇಕಾದರೂ ಓದಬಹುದು. ಬಿಟ್ಟರೆ ಗುಟ್ಟೂ ಇಲ್ಲ, ಹಕ್ಕೂ ಇಲ್ಲ. ಸರ್ಕಾರಿ ಶುಲ್ಕ ವ್ಯಕ್ತಿಗಳಿಗೆ ಕಡಿಮೆಯೇ. ಅರ್ಜಿಗೆ 1,600, ಪರೀಕ್ಷೆಗೆ 4,000 ಈಗಾಗಲೇ ಕಟ್ಟಿದ್ದೀರಿ. ಇನ್ನು ಖರ್ಚು ಬರುವುದು ಏಜೆಂಟರ ಫೀಸಿಗೆ. ಅರ್ಜಿಯ ನಂತರ ನೀವು ಮಾಡಿದ ಸುಧಾರಣೆಗಳಿದ್ದರೆ ಅವಕ್ಕೆ 'ಪೇಟೆಂಟ್ ಆಫ್ ಅಡಿಷನ್' (ಮೂಲ ಪೇಟೆಂಟಿಗೆ ಸೇರುವ ಪೂರಕ ಪೇಟೆಂಟ್) ಕೇಳಿ. ಮೂಲ ಅರ್ಜಿ ಉಳಿದರೆ ಮಾತ್ರ ಅದು ಸಿಗುತ್ತದೆ. ನಿಮ್ಮದೇ ಮೂಲ ಆವಿಷ್ಕಾರ ತೋರಿಸಿ ಇನ್ವೆಂಟಿವ್ ಸ್ಟೆಪ್ ಇಲ್ಲ ಎಂದು ಅದನ್ನು ತಳ್ಳಿಹಾಕುವಂತಿಲ್ಲ, ಪ್ರತ್ಯೇಕ ನವೀಕರಣ ಶುಲ್ಕವೂ ಇಲ್ಲ. ಉತ್ತರ ಕೊಡಲು ಇದೂ ಒಂದು ಕಾರಣ.

ಕೊಪ್ಪಳದ ಆರ್ಡರ್ ತಗೊಳ್ಳಿ. ಅರ್ಜಿ ಹಾಕಿದ ಮೇಲೆ ಮಾರಿದರೆ ಅರ್ಜಿಗೆ ಧಕ್ಕೆ ಇಲ್ಲ. ಅದಕ್ಕೆ ಮುಂಚೆ ಪೇಟೆಂಟ್ ಆಫೀಸಿನ ಇನ್‌ಪಾಸ್ ತಾಣದಲ್ಲಿ ಡಿ1ರ ಮಾಲೀಕರ ಹೆಸರು ಹಾಕಿ, ಭಾರತದಲ್ಲಿ ಅವರದೇನಾದರೂ ಇದೆಯೇ ನೋಡಿ. ಜಿ01ಎಸ್ 17 ಖಾನೆಯಲ್ಲಿ ಬೇರೆಯವರದನ್ನೂ ನೋಡಿ. ನಿಮಗೆ ಪೇಟೆಂಟ್ ಸಿಕ್ಕರೂ ಇನ್ನೊಬ್ಬರ ಜೀವಂತ ಪೇಟೆಂಟ್ ಮೇಲೆ ಕಾಲಿಡುವ ಅನುಮತಿ ಅದರಿಂದ ಸಿಗುವುದಿಲ್ಲ. ಪೆಟ್ಟಿಗೆ ಮೇಲೆ 'ಪೇಟೆಂಟ್ ಪೆಂಡಿಂಗ್' ಎಂದು ಬರೆಯಬಹುದು. 'ಪೇಟೆಂಟೆಡ್' ಎಂದು ಬರೆದರೆ ಸೆಕ್ಷನ್ 120ರಲ್ಲಿ ದಂಡ ಬೀಳುತ್ತದೆ. ಯಾರಾದರೂ ನಕಲು ಮಾಡಿದರೆ ಮಂಜೂರಾದ ಮೇಲಷ್ಟೇ ಕೋರ್ಟಿಗೆ ಹೋಗಬಹುದು, ಆಗ ಅರ್ಜಿ ಪ್ರಕಟವಾದ ದಿನದಿಂದ ಪರಿಹಾರ ಕೇಳಲು ಅವಕಾಶ ಇದೆ. ಒಪ್ಪಂದದಲ್ಲಿ ಪ್ರೋಗ್ರಾಮಿನ ಸೋರ್ಸ್ ಕೋಡ್ ಕೊಡುವುದಿಲ್ಲ, ಪೆಟ್ಟಿಗೆ ಬಿಚ್ಚಿ ನಕಲು ಮಾಡುವಂತಿಲ್ಲ ಎಂಬ ಎರಡು ಸಾಲು ಹಾಕಿಸಿ. ಅರ್ಜಿ ಹಾಕುವ ಹೊತ್ತಿಗೆ ನಿಮಗೆ ಗೊತ್ತಿದ್ದ ಅತ್ಯುತ್ತಮ ವಿಧಾನವನ್ನು ಅರ್ಜಿಯಲ್ಲಿ ಹೇಳಲೇಬೇಕಿತ್ತು, ಹೇಳಿದ್ದೀರಿ. ಆಮೇಲೆ ಒಂದೊಂದು ಹಾಪರ್‌ಗೆ ತಕ್ಕಂತೆ ನೀವು ಹೊಂದಿಸಿಕೊಂಡ ಅಂಕಿಗಳನ್ನು ಯಾರಿಗೂ ಕೊಡಬೇಕಿಲ್ಲ, ಅವು ನಿಮ್ಮ ವರ್ಕ್‌ಶಾಪಿನ ನೋಟ್‌ಬುಕ್ಕಿನಲ್ಲೇ ಇರಲಿ.